ಸಂಜೆಯ ಸ್ತುತಿಗೀತೆಗಳಲ್ಲಿ ಕ್ಯಾನನ್

ಕ್ರೈಸ್ತ ಆರಾಧನೆಯಲ್ಲಿ ಸಂಜೆಯ ಹೊತ್ತಿಗೆಂದೇ ಗೊತ್ತಾದ ಎರಡು ಹಾಡುಗಳಿವೆ. ಎರಡೂ ಲೂಕನ ಸುವಾರ್ತೆಯಿಂದ ಬಂದವು. ಮೊದಲನೆಯದು ಮ್ಯಾಗ್ನಿಫಿಕಾಟ್. ಬಸುರಿ ಮರಿಯಳು ತನ್ನ ಬಂಧು ಎಲಿಸಬೇತಳ ಮನೆಗೆ ಹೋದಾಗ ದೇವರನ್ನು ಕೊಂಡಾಡಿ ಹಾಡಿದ್ದು. ಲೂಕನ 1ನೆಯ ಅಧ್ಯಾಯದ 46ರಿಂದ 55ರವರೆಗಿನ ವಚನಗಳು. ಎರಡನೆಯದು ನಂಕ್ ಡಿಮಿಟಿಸ್. ಜೆರೂಸಲೇಮಿನ ದೇವಾಲಯದಲ್ಲಿ ಮುದುಕ ಸಿಮೆಯೋನ ಕೂಸು ಯೇಸುವನ್ನು ಕೈಗೆತ್ತಿಕೊಂಡು, ಕಾಣಬೇಕಾದ್ದನ್ನು ಕಂಡಾಯಿತು, ಇನ್ನು ನೆಮ್ಮದಿಯಿಂದ ಹೊರಡಬಹುದು ಎಂಬ ಭಾವದಲ್ಲಿ ನುಡಿದದ್ದು. 2ನೆಯ ಅಧ್ಯಾಯದ 29ರಿಂದ 32. ಒಂದು ಬರಲಿರುವ ಕೂಸಿನ ಹಾಡು, ಇನ್ನೊಂದು ಹೊರಟು ನಿಂತವನ ಹಾಡು. ಈ ಎರಡಕ್ಕೂ ಯುರೋಪಿನ ರಚನಕಾರರು ಆರು ಶತಮಾನಗಳಿಂದ ವೃಂದಗಾಯನದ ಸಂಗೀತ ಕಟ್ಟುತ್ತ ಬಂದಿದ್ದಾರೆ. ಆ ರಾಶಿಯಲ್ಲಿ ಕ್ಯಾನನ್ ಎಂಬ ತಂತ್ರ ಬಳಸಿದ ರಚನೆಗಳದ್ದು ಚಿಕ್ಕದಾದರೂ ಗಟ್ಟಿಯಾದ ಒಂದು ಪರಂಪರೆ.

ಕ್ಯಾನನ್ ಎಂದರೆ ಒಂದೇ ರಾಗಪಂಕ್ತಿಯನ್ನು ಎರಡೋ ಮೂರೋ ನಾಲ್ಕೋ ದನಿಗಳು ಒಂದರ ಹಿಂದೊಂದು ಎತ್ತಿಕೊಂಡು ಹಾಡುವುದು. ಮುಂದಿನ ದನಿ ನಿಲ್ಲುವುದಿಲ್ಲ, ಹಿಂದಿನ ದನಿ ಬಿಡುವುದಿಲ್ಲ. ಮುಂದಿನದು ಹಾಡಿದ್ದನ್ನು ಹಿಂದಿನದು ಸ್ವರಕ್ಕೆ ಸ್ವರ ಒಪ್ಪಿಸುತ್ತ ಹೋಗುತ್ತದೆ, ಮತ್ತು ಪ್ರತಿ ಮಾತ್ರೆಯಲ್ಲೂ ಇಬ್ಬರ ಸ್ವರಗಳು ಒಂದಕ್ಕೊಂದು ಹೊಂದಿಕೊಂಡೇ ಕೇಳಬೇಕು. ಹಿಂಬಾಲಿಸುವ ದನಿ ಅದೇ ಶ್ರುತಿಯಲ್ಲಿ ಹಾಡಬಹುದು, ಸ್ಥಾಯಿ ಕೆಳಗೆ ಹಾಡಬಹುದು, ನಾಲ್ಕೋ ಐದೋ ಸ್ವರ ಮೇಲೆ ಹಿಡಿಯಬಹುದು. ಪಂಕ್ತಿಯನ್ನು ತಲೆಕೆಳಗು ಮಾಡಿ, ಏರಿದಲ್ಲಿ ಇಳಿದು ಇಳಿದಲ್ಲಿ ಏರಬಹುದು. ಎರಡು ಪಟ್ಟು ನಿಧಾನವಾಗಿ ಹಾಡಬಹುದು. ಕೊನೆಯಿಂದ ಮೊದಲಿಗೂ ಹಾಡಬಹುದು. ಈ ಕೊನೆಯದಕ್ಕೆ ಏಡಿ ಕ್ಯಾನನ್ ಎಂದು ಹೆಸರು. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಪಲ್ಲವಿಯನ್ನು ಮೂರು ಕಾಲಗಳಲ್ಲಿ ಹಾಡಿ ತೋರಿಸುವುದನ್ನು ಕೇಳಿದವರಿಗೆ ಇದರ ಹುರುಳು ಬೇಗ ಹಿಡಿಯುತ್ತದೆ. ವ್ಯತ್ಯಾಸ ಇಷ್ಟೇ: ನಮ್ಮ ಗಾಯಕ ಆ ಕಾಲಗಳನ್ನು ಒಂದಾದ ಮೇಲೊಂದು ಹಾಡುತ್ತಾನೆ, ಕ್ಯಾನನ್ನಿನಲ್ಲಿ ಅವೆಲ್ಲ ಏಕಕಾಲಕ್ಕೆ ನಡೆಯುತ್ತವೆ.

ಬರೆಯುವ ಕ್ರಮವನ್ನು ಹತ್ತಿರದಿಂದ ನೋಡಿದರೆ ಅದರ ಪೇಚು ತಿಳಿಯುತ್ತದೆ. ಹಿಂದಿನ ದನಿ ನಾಲ್ಕು ಮಾತ್ರೆ ಬಿಟ್ಟು ಬರಬೇಕು ಎಂದಿಟ್ಟುಕೊಳ್ಳೋಣ. ರಚನಕಾರ ಮೊದಲ ನಾಲ್ಕು ಮಾತ್ರೆಗಳನ್ನು ಮನಸ್ಸಿಗೆ ಬಂದಂತೆ ಬರೆಯುತ್ತಾನೆ. ಅದನ್ನು ಹಾಗೆಯೇ ಎರಡನೆಯ ದನಿಯ ಸಾಲಿಗೆ ಇಳಿಸುತ್ತಾನೆ. ಈಗ ಮೊದಲ ದನಿಯ ಮುಂದಿನ ನಾಲ್ಕು ಮಾತ್ರೆಗಳು ಆ ನಕಲಿನ ಮೇಲೆ ಸರಿಯಾಗಿ ಕೂರಬೇಕು. ಬರೆದದ್ದನ್ನು ಮತ್ತೆ ಕೆಳಕ್ಕೆ ಇಳಿಸಬೇಕು, ಅದರ ಮೇಲೆ ಮತ್ತೆ ಹೊಸದು. ಹೀಗೆ ಪ್ರತಿ ಹೆಜ್ಜೆಗೂ ತಾನು ಆಗತಾನೆ ಬರೆದದ್ದೇ ತನಗೆ ಕಟ್ಟಳೆಯಾಗುತ್ತದೆ. ಎರಡು ದನಿಯಾದರೆ ಪರವಾಗಿಲ್ಲ. ನಾಲ್ಕಾದರೆ ಒಂದು ಸ್ವರ ಬದಲಿಸಿದರೂ ನಾಲ್ಕು ಕಡೆ ಕೆಡುತ್ತದೆ. ಮುಗಿಸುವುದು ಇನ್ನೊಂದು ತಲೆನೋವು: ಮುಂದಿನ ದನಿ ಹಾಡಿ ಮುಗಿಸಿದರೂ ಹಿಂದಿನದಕ್ಕೆ ಇನ್ನೂ ನಾಲ್ಕು ಮಾತ್ರೆ ಬಾಕಿ. ಒಂದೋ ಅದನ್ನು ಅಲ್ಲಿಗೇ ಕತ್ತರಿಸಬೇಕು, ಇಲ್ಲವೇ ಮುಂದಿನ ದನಿಗೆ ಕಟ್ಟಳೆಯಿಲ್ಲದ ಬಾಲವೊಂದನ್ನು ಹಚ್ಚಬೇಕು.

ಹಳೆಯ ಹಸ್ತಪ್ರತಿಗಳಲ್ಲಿ ಹಿಂಬಾಲಿಸುವ ದನಿಯನ್ನು ಬರೆಯುತ್ತಲೇ ಇರಲಿಲ್ಲ. ಒಂದೇ ಸಾಲು ಬರೆದು, ಎರಡನೆಯವನು ಎಲ್ಲಿ ಶುರುಮಾಡಬೇಕೆಂದು ಸ್ವರದ ಮೇಲೊಂದು ಚಿಹ್ನೆ ಇಟ್ಟು, ಅಂಚಿನಲ್ಲಿ ಒಂದು ಸೂಚನೆ ಬರೆಯುತ್ತಿದ್ದರು. ಆ ಸೂಚನೆಗೇ ಮೊದಲು ಕ್ಯಾನನ್ ಎಂಬ ಹೆಸರಿದ್ದದ್ದು. ಕೆಲವು ಸೂಚನೆಗಳು ಬೇಕೆಂದೇ ಒಗಟಿನ ರೂಪದಲ್ಲಿರುತ್ತಿದ್ದವು. 15ನೆಯ ಶತಮಾನದ ಶಾಸ್ತ್ರಕಾರ ಟಿಂಕ್ಟೋರಿಸ್ ಕ್ಯಾನನ್ನನ್ನು ವಿವರಿಸುವುದೇ ರಚನಕಾರನ ಇಂಗಿತವನ್ನು ತುಸು ಮರೆಮಾಚಿ ತಿಳಿಸುವ ನಿಯಮ ಎಂದು.

ಇಂಥ ಕಸರತ್ತು ಸಂಜೆಯ ಪ್ರಾರ್ಥನೆಯೊಳಕ್ಕೆ ಏಕೆ ಬಂತು? ಉತ್ತರ ಹಾಡಿನ ಬಾಲದಲ್ಲಿದೆ. ಮ್ಯಾಗ್ನಿಫಿಕಾಟ್ ಆಗಲಿ ನಂಕ್ ಡಿಮಿಟಿಸ್ ಆಗಲಿ ಬೈಬಲ್ಲಿನ ಮಾತಿಗೆ ನಿಲ್ಲುವುದಿಲ್ಲ. ಕೊನೆಗೆ ತಂದೆ, ಮಗ, ಪವಿತ್ರಾತ್ಮರಿಗೆ ಮಹಿಮೆ ಹೇಳುವ ಎರಡು ಸಾಲು ಸೇರುತ್ತವೆ. ಇದನ್ನು ಗ್ಲೋರಿಯಾ ಎನ್ನುತ್ತಾರೆ. ಮೊದಲ ಸಾಲು ಮೂವರಾಗಿಯೂ ಒಬ್ಬನೇ ಆದ ದೇವರದ್ದು. ಎರಡನೆಯದು ಆದಿಯಲ್ಲಿದ್ದದ್ದೇ ಈಗಲೂ ಇದೆ, ಎಂದೆಂದಿಗೂ ಇರುತ್ತದೆ ಎಂಬ ಆಶಯದ್ದು. ಕ್ಯಾನನ್ ಬರೆಯಬಲ್ಲವನಿಗೆ ಇದಕ್ಕಿಂತ ಒಳ್ಳೆಯ ಸಾಹಿತ್ಯ ಸಿಗಲಾರದು. ಮೂರು ದನಿಗಳು ಒಂದೇ ಪಂಕ್ತಿಯಿಂದ ಹುಟ್ಟುತ್ತವೆ. ಮೊದಲು ಕೇಳಿದ್ದೇ ಈಗ ಕೇಳುತ್ತದೆ, ಮುಂದೆಯೂ ಕೇಳುತ್ತದೆ. ಇಂಗ್ಲೆಂಡಿನ ಸಂಗೀತಗಾರರು ಇಂಥವನ್ನು ‘ಒಂದರಲ್ಲಿ ಮೂರು’, ‘ಒಂದರಲ್ಲಿ ನಾಲ್ಕು’ ಎಂದೇ ಕರೆಯುತ್ತಿದ್ದರು. ಎರಡು ಬೇರೆ ಬೇರೆ ಪಂಕ್ತಿಗಳು ಒಟ್ಟಿಗೆ ಓಡಿ, ಪ್ರತಿಯೊಂದನ್ನೂ ಇನ್ನೊಂದು ದನಿ ಹಿಂಬಾಲಿಸಿದರೆ ‘ಎರಡರಲ್ಲಿ ನಾಲ್ಕು’. ಹಾಗಾಗಿ ಸಂಜೆಯ ಗೀತೆಗಳಲ್ಲಿ ಕ್ಯಾನನ್ ಹುಡುಕುವವರು ಮೊದಲು ತಿರುವಿ ನೋಡಬೇಕಾದದ್ದು ಕೊನೆಯ ಪುಟ.

ಕ್ಯಾಥೊಲಿಕ್ ಪದ್ಧತಿಯಲ್ಲಿ ಮ್ಯಾಗ್ನಿಫಿಕಾಟ್ ಸೇರಿದ್ದು ಸೂರ್ಯಾಸ್ತದ ವೆಸ್ಪರ್ಸ್ ಪ್ರಾರ್ಥನೆಗೆ, ನಂಕ್ ಡಿಮಿಟಿಸ್ ಮಲಗುವ ಮುನ್ನಿನ ಕಾಂಪ್ಲಿನ್ ಪ್ರಾರ್ಥನೆಗೆ. ವೆಸ್ಪರ್ಸ್‌ನಲ್ಲಿ ಮ್ಯಾಗ್ನಿಫಿಕಾಟ್ ಹಾಡುವಾಗಲೇ ಪಾದ್ರಿ ಪೀಠಕ್ಕೆ ಧೂಪ ಹಾಕುತ್ತಾನೆ. ಆದ್ದರಿಂದ ಹಾಡಿಗೆ ಸ್ವಲ್ಪ ಉದ್ದವೂ ಬೇಕು, ವೈಭವವೂ ಬೇಕು. ಗ್ಲೋರಿಯಾ ಸೇರಿ ಅದರಲ್ಲಿ ಹನ್ನೆರಡು ಚರಣಗಳು. ಒಂದು ಚರಣವನ್ನು ಸರಳವಾಗಿ ಏಕಧ್ವನಿಯಲ್ಲಿ, ಮುಂದಿನದನ್ನು ಬಹುಧ್ವನಿಯಲ್ಲಿ ಹಾಡುವ ರೂಢಿಯಿತ್ತು. ಹಾಗಾಗಿ ರಚನಕಾರ ಆರು ಚರಣಕ್ಕೆ ಸಂಗೀತ ಬರೆದರೆ ಸಾಕು. ನಡುವಿನ ಒಂದು ಚರಣದಲ್ಲಿ ದನಿಗಳನ್ನು ಎರಡಕ್ಕೋ ಮೂರಕ್ಕೋ ಇಳಿಸುವುದು, ಕೊನೆಯ ಚರಣದಲ್ಲಿ ಒಂದೆರಡು ದನಿಗಳನ್ನು ಹೆಚ್ಚಿಗೆ ಸೇರಿಸುವುದು ವಾಡಿಕೆ. ಹೀಗೆ ಸೇರಿಸಿದ ದನಿಗೆ ಹೊಸ ಪಂಕ್ತಿ ಕೊಡುವ ಬದಲು ಇದ್ದ ದನಿಯೊಂದನ್ನೇ ಹಿಂಬಾಲಿಸುವಂತೆ ಮಾಡಿದರೆ ಅದೇ ಕ್ಯಾನನ್.

ಸೆವಿಲ್ಲಾದ ಕ್ರಿಸ್ಟೊಬಲ್ ದೆ ಮೊರಾಲೆಸ್ ಈ ಮಾದರಿಯನ್ನು ಗಟ್ಟಿಮಾಡಿದವರಲ್ಲಿ ಮುಖ್ಯ. 1535ರಿಂದ ಹತ್ತು ವರ್ಷ ರೋಮಿನಲ್ಲಿ ಪೋಪರ ಗಾಯನವೃಂದದಲ್ಲಿ ಹಾಡಿದವನು ಅವನು. 1545ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಅವನ ಹದಿನಾರು ಮ್ಯಾಗ್ನಿಫಿಕಾಟ್‌ಗಳು ಆ ಶತಮಾನದಲ್ಲಿ ಮತ್ತೆ ಮತ್ತೆ ಮುದ್ರಣ ಕಂಡವು. ಚರ್ಚಿನ ಹಾಡಿಕೆಯ ಎಂಟು ಸ್ವರಕ್ರಮಗಳಿಗೆ ಎರಡೆರಡರಂತೆ ಹದಿನಾರು: ಬೆಸ ಚರಣಗಳಿಗೆ ಎಂಟು, ಸಮ ಚರಣಗಳಿಗೆ ಎಂಟು. ಯಾವ ಹಬ್ಬಕ್ಕೆ ಯಾವ ಸ್ವರಕ್ರಮ ಬಂದರೂ ವೃಂದದ ಮುಖ್ಯಸ್ಥ ಪುಸ್ತಕ ತೆರೆದರೆ ಸಾಕು, ಒಂದು ಸಿದ್ಧವಾಗಿರುತ್ತಿತ್ತು. ಅವುಗಳಲ್ಲಿ ಹಲವು ಕೊನೆಯ ಚರಣಕ್ಕೆ ಬಂದಾಗ ದಟ್ಟವಾಗಿ ಕ್ಯಾನನ್ನಿನಲ್ಲಿ ಮುಗಿಯುತ್ತವೆ. ಮುಂದೆ ಇಟಲಿಯ ಪ್ಯಾಲೆಸ್ಟ್ರೀನಾ (ಅವನ ಎಂಟು ಸ್ವರಕ್ರಮಗಳ ಮ್ಯಾಗ್ನಿಫಿಕಾಟ್ ಪುಸ್ತಕ ಹೊರಬಂದದ್ದು 1591ರಲ್ಲಿ), ಸ್ಪೇನಿನ ವಿಕ್ಟೋರಿಯಾ ಇಬ್ಬರೂ ಇದೇ ದಾರಿ ಹಿಡಿದರು. ಅದೇ ಕಾಲದಲ್ಲಿ ಮ್ಯೂನಿಕ್‌ನಲ್ಲಿದ್ದ ಲಾಸುಸ್ ನೂರರ ಆಸುಪಾಸು ಮ್ಯಾಗ್ನಿಫಿಕಾಟ್ ಬರೆದ. ಅವನ ಒಲವು ಬೇರೆ: ಆಗ ಜನಪ್ರಿಯವಾಗಿದ್ದ ಪ್ರೇಮಗೀತೆಗಳ ಧಾಟಿಗಳನ್ನೂ ಅವನು ಧಾರಾಳವಾಗಿ ಮರಿಯಳ ಹಾಡಿಗೆ ತಂದು ಕೂರಿಸಿದ.

ಇಟಲಿ, ಸ್ಪೇನುಗಳ ಈ ಕ್ಯಾನನ್‌ಗಳ ಬಗ್ಗೆ ಒಂದು ಮಾತು ನೇರವಾಗಿ ಹೇಳಬೇಕು. ಬಹುತೇಕ ಕೇಳುಗರಿಗೆ ಅವು ಕೇಳಿಸುವುದಿಲ್ಲ. ಆರು ದನಿಗಳ ನೇಯ್ಗೆಯಲ್ಲಿ ಎರಡು ದನಿಗಳು ಒಂದೇ ಪಂಕ್ತಿ ಹಾಡುತ್ತಿವೆ ಎಂಬುದು ಸ್ವರಲಿಪಿ ಕೈಯಲ್ಲಿ ಹಿಡಿದವನಿಗಷ್ಟೇ ಗೊತ್ತಾಗುತ್ತದೆ. ಕಿವಿಗೆ ಮುಟ್ಟುವುದು ಒಟ್ಟು ನಾದ ತುಂಬಿಕೊಂಡ ಅನುಭವ ಮಾತ್ರ. ಪಕ್ಕದ ಫ್ರಾನ್ಸಿನಲ್ಲಿ ಜಾನ್ ಮೂತೋನ್ ಬರೆದ ‘ನೆಸ್ಕಿಯೆನ್ಸ್ ಮಾತೆರ್’ ಇದಕ್ಕೆ ಒಳ್ಳೆಯ ಸಾಕ್ಷಿ. ಅದು ಮ್ಯಾಗ್ನಿಫಿಕಾಟ್ ಅಲ್ಲ, ಮರಿಯಳನ್ನು ಕುರಿತ ಇನ್ನೊಂದು ಗೀತೆ. ಬರೆದ ಪಂಕ್ತಿಗಳು ನಾಲ್ಕು, ಹಾಡುವ ದನಿಗಳು ಎಂಟು. ನಾಲ್ಕೂ ಪಂಕ್ತಿಗಳನ್ನು ಇನ್ನೊಂದು ನಾಲ್ಕು ದನಿಗಳು ಚಾಚೂ ತಪ್ಪದೆ ಹಿಂಬಾಲಿಸುತ್ತವೆ. ಕೇಳಿದವರಿಗೆ ಲೆಕ್ಕಾಚಾರದ ಸುಳಿವೇ ಸಿಗದಷ್ಟು ಸಲೀಸಾಗಿ ಹರಿಯುತ್ತದೆ.

ಇಂಗ್ಲೆಂಡಿನಲ್ಲಿ ಕಥೆ ಬೇರೆ ತಿರುವು ಪಡೆಯಿತು. 1549ರಲ್ಲಿ ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ ಸಿದ್ಧಪಡಿಸಿದ ಪ್ರಾರ್ಥನಾ ಪುಸ್ತಕ ಲ್ಯಾಟಿನ್ನನ್ನು ಕೈಬಿಟ್ಟು ಇಂಗ್ಲಿಷಿಗೆ ಬಂತು. ವೆಸ್ಪರ್ಸ್ ಮತ್ತು ಕಾಂಪ್ಲಿನ್ ಎರಡನ್ನೂ ಬೆಸೆದು ಈವನ್‌ಸಾಂಗ್ ಎಂಬ ಒಂದೇ ಸಂಜೆ ಪ್ರಾರ್ಥನೆ ಮಾಡಿತು. ಹೀಗೆ ಬೇರೆ ಬೇರೆ ಹೊತ್ತಿನಲ್ಲಿದ್ದ ಎರಡು ಹಾಡುಗಳು ಜೋಡಿಯಾದವು. ಅಂದಿನಿಂದ ಇಂಗ್ಲಿಷ್ ರಚನಕಾರರು ಇವೆರಡನ್ನೂ ಒಟ್ಟಿಗೇ ಬರೆಯುತ್ತಾರೆ. ಆ ಜೋಡಿಗೆ ‘ಈವನಿಂಗ್ ಸರ್ವಿಸ್’ ಎಂದು ಹೆಸರು. ಹೊಸ ಪ್ರಾಟೆಸ್ಟೆಂಟ್ ಧರ್ಮಾಧಿಕಾರಿಗಳಿಗೆ ಮಾತು ಸ್ಪಷ್ಟವಾಗಿ ಕೇಳಬೇಕಿತ್ತು. ಒಂದು ಅಕ್ಷರಕ್ಕೆ ಒಂದು ಸ್ವರ ಸಾಕು ಎಂಬ ಒತ್ತಾಯ ಬಂತು. ದನಿಗಳು ಹಿಂದುಮುಂದಾಗಿ ಬೇರೆ ಬೇರೆ ಪದ ಹಾಡುವ ಕ್ಯಾನನ್ನಿಗೆ ಇದು ಒಗ್ಗುವ ಹವೆಯಲ್ಲ. ಥಾಮಸ್ ಟ್ಯಾಲಿಸ್‌ನ ಇಂಗ್ಲಿಷ್ ಸರ್ವಿಸ್‌ನಲ್ಲಿ ಹೆಚ್ಚಿನ ಭಾಗ ಎಲ್ಲ ದನಿಗಳೂ ಒಂದೇ ಪದವನ್ನು ಒಂದೇ ಸಲ ಹಾಡುವಂಥದ್ದು.

ಹಾಗೆಂದು ಟ್ಯಾಲಿಸ್‌ಗೆ ಕ್ಯಾನನ್ ಬಾರದೆ ಇರಲಿಲ್ಲ. ಅವನೂ ಅವನ ಕಿರಿಯ ಜೊತೆಗಾರ ವಿಲಿಯಂ ಬರ್ಡ್‌ನೂ 1575ರಲ್ಲಿ ರಾಣಿ ಎಲಿಜಬೆತ್‌ಳಿಂದ ಸಂಗೀತ ಮುದ್ರಣದ ಹಕ್ಕು ಪಡೆದು, ಆ ವರ್ಷವೇ ತಲಾ ಹದಿನೇಳರಂತೆ ಲ್ಯಾಟಿನ್ ಗೀತೆಗಳ ಪುಸ್ತಕ ಹೊರತಂದರು. ಅದರಲ್ಲಿ ಟ್ಯಾಲಿಸ್‌ನ ‘ಮಿಸೆರೆರೆ ನೋಸ್ಟ್ರಿ’ ಏಳು ದನಿಗಳದ್ದು. ಅವುಗಳಲ್ಲಿ ಆರು ಕ್ಯಾನನ್ನಿನಲ್ಲಿವೆ. ಬೇರೆ ಬೇರೆ ವೇಗ, ಕೆಲವು ತಲೆಕೆಳಗು. ಕಟ್ಟಳೆಯಿಲ್ಲದ ದನಿ ಒಂದೇ ಒಂದು. ಬರ್ಡ್ ಅದೇ ಪುಸ್ತಕದಲ್ಲಿ ಎಂಟು ದನಿಗಳ ಏಡಿ ಕ್ಯಾನನ್ ಬರೆದು ಗುರುವಿಗೆ ಜವಾಬು ಕೊಟ್ಟ.

ಆದರೆ ಟ್ಯಾಲಿಸ್‌ನ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು ಇವ್ಯಾವುವೂ ಅಲ್ಲ, ಒಂದು ಪುಟ್ಟ ಸಂಜೆಯ ಹಾಡು. ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರ್ 1567ರ ಸುಮಾರಿಗೆ ಕೀರ್ತನೆಗಳನ್ನು ಇಂಗ್ಲಿಷ್ ಪದ್ಯಕ್ಕೆ ಇಳಿಸಿ ಅಚ್ಚು ಹಾಕಿಸಿದಾಗ ಟ್ಯಾಲಿಸ್ ಅದಕ್ಕೆ ಒಂಬತ್ತು ರಾಗಗಳನ್ನು ಕೊಟ್ಟ. ಎಂಟನೆಯದು ಕ್ಯಾನನ್. ನೂರು ವರ್ಷಕ್ಕೂ ಮೇಲೆ ಬಿಷಪ್ ಥಾಮಸ್ ಕೆನ್ ವಿಂಚೆಸ್ಟರ್ ಕಾಲೇಜಿನ ಹುಡುಗರಿಗಾಗಿ ಮಲಗುವ ಮುನ್ನ ಹಾಡುವ ಪ್ರಾರ್ಥನೆಯೊಂದನ್ನು ಬರೆದ. ಮುಂದೆ ಆ ಪದ್ಯಕ್ಕೆ ಈ ರಾಗ ಅಂಟಿಕೊಂಡಿತು, ಇಂದಿಗೂ ಬಿಟ್ಟಿಲ್ಲ. ನಾಲ್ಕು ಸಾಲು, ಸಾಲಿಗೆ ಎಂಟು ಅಕ್ಷರ, ಅಕ್ಷರಕ್ಕೊಂದು ಸ್ವರ. ಈಗಿನ ಸ್ತೋತ್ರ ಪುಸ್ತಕಗಳಲ್ಲಿ ಮೇಲಿನ ದನಿ ಸಾಲಿನ ಅರ್ಧಕ್ಕೆ ಬಂದಾಗ ಟೆನರ್ ಒಂದು ಸ್ಥಾಯಿ ಕೆಳಗೆ ಅದೇ ಸಾಲನ್ನು ಎತ್ತಿಕೊಳ್ಳುತ್ತದೆ. ನಡುವಿನ ಆಲ್ಟೊ ಮತ್ತು ತಳದ ಬಾಸ್ ಸ್ವತಂತ್ರ. ಸಭೆಯವರು ರಾಗ ಹಾಡಿಕೊಂಡು ಹೋದರೆ ಕ್ಯಾನನ್ ತಾನಾಗಿ ನಡೆಯುತ್ತದೆ, ತಾವು ಕ್ಯಾನನ್ನಿನಲ್ಲಿ ಅರ್ಧ ಭಾಗ ವಹಿಸಿದ್ದೇವೆಂಬ ಅರಿವೂ ಅವರಿಗೆ ಬೇಕಿಲ್ಲ. ಶಾಲೆಗಳಲ್ಲಿ ಮಕ್ಕಳನ್ನು ಗುಂಪುಗಳಾಗಿ ಮಾಡಿ ಸುತ್ತುಹಾಡಾಗಿಯೂ ಇದನ್ನು ಹಾಡಿಸುತ್ತಾರೆ. ಕಟ್ಟಳೆ ಇಷ್ಟು ಬಿಗಿಯಾಗಿದ್ದೂ ಹಾಡು ಇಷ್ಟು ಸುಲಭವಾಗಿರುವುದು ಕ್ಯಾನನ್‌ಗಳ ಪೈಕಿ ಅಪರೂಪ. ಬೆಂಜಮಿನ್ ಬ್ರಿಟನ್ 1958ರಲ್ಲಿ ಆರ್ಫರ್ಡ್ ಚರ್ಚಿನಲ್ಲಿ ಮಕ್ಕಳಿಂದ ಆಡಿಸಿದ ‘ನೋಯೀಸ್ ಫ್ಲಡ್’ ಸಂಗೀತ ನಾಟಕ ಮುಗಿಯುವುದೂ ಇದೇ ರಾಗದಲ್ಲಿ, ಪ್ರೇಕ್ಷಕರೂ ದನಿಗೂಡಿಸಿ.

ಮುಂದಿನ ತಲೆಮಾರಿನ ಆರ್ಲಂಡೊ ಗಿಬನ್ಸ್ (1583–1625) ಚುಟುಕಾದ ಸರ್ವಿಸ್‌ನಲ್ಲಿಯೂ ದನಿಗಳ ನಿಕಟ ಅನುಕರಣೆಗೆ ಜಾಗ ಮಾಡಿಕೊಟ್ಟ. ಆಮೇಲೆ ಎಲ್ಲವೂ ನಿಂತಿತು. 1640ರ ದಶಕದ ಅಂತರ್ಯುದ್ಧದಲ್ಲಿ ಪಾರ್ಲಿಮೆಂಟು ಪ್ರಾರ್ಥನಾ ಪುಸ್ತಕವನ್ನೇ ನಿಷೇಧಿಸಿತು, ಕೆಥೆಡ್ರಲ್‌ಗಳ ಗಾಯನವೃಂದಗಳು ಚದುರಿದವು, ಎಷ್ಟೋ ಆರ್ಗನ್‌ಗಳು ಮುರಿದುಬಿದ್ದವು. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಹಾಡಲು ಹುಡುಗರೂ ಇರಲಿಲ್ಲ, ಕಲಿಸಲು ಪದ್ಧತಿಯೂ ಉಳಿದಿರಲಿಲ್ಲ. ಹೊಸದಾಗಿ ಕಲೆಹಾಕಿದ ಆ ಹುಡುಗರ ಸಾಲಿನಿಂದಲೇ ಜಾನ್ ಬ್ಲೋ ಮತ್ತು ಹೆನ್ರಿ ಪರ್ಸೆಲ್ ಮೇಲೆದ್ದರು. ಇಬ್ಬರೂ ಹಳೆಯದನ್ನು ಕೈಯಾರೆ ನಕಲು ಮಾಡುತ್ತ ಕಲಿತವರು. ಟ್ಯಾಲಿಸ್, ಬರ್ಡ್, ಗಿಬನ್ಸ್‌ರ ಗೀತೆಗಳನ್ನು ಪರ್ಸೆಲ್ ತನ್ನ ಕೈಬರಹದಲ್ಲಿ ಇಳಿಸಿಕೊಂಡ ಪುಸ್ತಕ ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಸಂಗ್ರಹಾಲಯದಲ್ಲಿದೆ. ಆಸ್ಥಾನದಲ್ಲಿ ಆಗ ಫ್ರಾನ್ಸಿನ ಪಿಟೀಲು, ಕುಣಿತದ ಲಯಗಳ ಗುಂಗು. ಇವರು ಸಂಜೆಯ ಪ್ರಾರ್ಥನೆಗೆ ಕೂತಾಗ ಮಾತ್ರ ಅಜ್ಜಂದಿರ ವಿದ್ಯೆಗೇ ಕೈಹಾಕಿದರು.

ಪರ್ಸೆಲ್‌ನ ಬಿ ಫ್ಲಾಟ್ ಸರ್ವಿಸ್ 1682ರ ಹೊತ್ತಿಗೆ ಸಿದ್ಧವಾಗಿತ್ತು. ಆಗ ಅವನಿಗೆ ವಯಸ್ಸು ಇಪ್ಪತ್ತಮೂರರ ಆಸುಪಾಸು. ವೆಸ್ಟ್‌ಮಿನ್‌ಸ್ಟರ್ ಅಬೆಯ ಆರ್ಗನ್ ಗಾದಿಗೆ ಬಂದು ಮೂರು ವರ್ಷ. ಬೆಳಗಿನ ಗೀತೆಗಳು, ಸಂಜೆಯ ಮ್ಯಾಗ್ನಿಫಿಕಾಟ್ ಮತ್ತು ನಂಕ್ ಡಿಮಿಟಿಸ್, ಅವುಗಳ ಬದಲಿಗೆ ಹಾಡಬಹುದಾದ ಕೀರ್ತನೆಗಳು, ಹೀಗೆ ಎಲ್ಲವನ್ನೂ ಒಂದೇ ಶ್ರುತಿಯಲ್ಲಿ ಹಿಡಿದ ದೊಡ್ಡ ಕೃತಿ ಅದು. ಗೀತೆಯ ಒಡಲಿನಲ್ಲಿ ಮಾತಿಗೆ ತಕ್ಕಂತೆ ಮೂರು ಏಕಗಾಯಕರು, ಪೂರ್ಣವೃಂದ ಅದಲುಬದಲಾಗುತ್ತಾರೆ. ಗ್ಲೋರಿಯಾ ಬಂದಾಗ ಕ್ಯಾನನ್‌ಗಳು ತೆರೆದುಕೊಳ್ಳುತ್ತವೆ, ಅದೂ ಒಂದೇ ಬಗೆಯವಲ್ಲ. ತಲೆಕೆಳಗು ಮಾಡಿದವೂ ಇವೆ. ಒಂದೇ ಸಾಹಿತ್ಯವನ್ನು ಇಷ್ಟು ಗ್ಲೋರಿಯಾಗಳಲ್ಲಿ ಮತ್ತೆ ಮತ್ತೆ ಕಟ್ಟಬೇಕಾಗಿದ್ದ ಯುವಕ ಪ್ರತಿ ಸಲವೂ ಹೊಸ ಲೆಕ್ಕ ಹಾಕಿಕೊಂಡು ತನ್ನನ್ನು ತಾನೇ ಪರೀಕ್ಷೆಗೆ ಒಡ್ಡಿಕೊಂಡಂತಿದೆ. ಒಪ್ಪಬೇಕಾದ ಮಾತೆಂದರೆ, ಅವುಗಳಲ್ಲಿ ಕೆಲವು ಕೇಳುವುದಕ್ಕಿಂತ ಓದುವುದಕ್ಕೇ ಚೆನ್ನ.

ಈ ವಿದ್ಯೆಯ ಬಗ್ಗೆ ಪರ್ಸೆಲ್‌ನ ಸ್ವಂತ ಅಭಿಪ್ರಾಯವೂ ಸಿಗುತ್ತದೆ. ಜಾನ್ ಪ್ಲೇಫರ್ಡ್‌ನ ಜನಪ್ರಿಯ ಸಂಗೀತ ಪಾಠಪುಸ್ತಕದ 1694ರ ಆವೃತ್ತಿಗೆ ರಚನೆಯ ಭಾಗವನ್ನು ಅವನು ತಿದ್ದಿ ಬರೆದ. ದನಿಗಳು ಒಂದನ್ನೊಂದು ಬೆನ್ನಟ್ಟುವ ಬಗೆಗಳನ್ನು ಒಂದೊಂದಾಗಿ ವಿವರಿಸುತ್ತ ಬಂದು, ಎಲ್ಲಕ್ಕಿಂತ ಶ್ರೇಷ್ಠವಾದದ್ದು ಕ್ಯಾನನ್ ಎಂದು ಅಲ್ಲಿ ಹೇಳುತ್ತಾನೆ. ಉದಾಹರಣೆಗೆ ತನ್ನದನ್ನು ಕೊಟ್ಟು ತೃಪ್ತನಾಗದೆ ಗುರು ಬ್ಲೋನ ನಾಲ್ಕು ದನಿಗಳ ಗ್ಲೋರಿಯಾ ಕ್ಯಾನನ್ನನ್ನು ತೋರಿಸಿ, ಈ ಒಂದೇ ಮಾದರಿ ಸಾಕು ಬ್ಲೋ ಲೋಕದ ಮಹಾ ಸಂಗೀತಗಾರರಲ್ಲೊಬ್ಬ ಎನ್ನಲು ಎಂದು ಹೊಗಳುತ್ತಾನೆ. ಮರುವರ್ಷ, 1695ರ ನವೆಂಬರ್ 21ರಂದು, ಶಿಷ್ಯನೇ ಮೊದಲು ತೀರಿಕೊಂಡ. 1679ರಲ್ಲಿ ಅವನಿಗೆಂದು ಬಿಟ್ಟುಕೊಟ್ಟಿದ್ದ ಅಬೆಯ ಆರ್ಗನ್ನಿಗೆ ಬ್ಲೋ ಮರಳಿ ಬಂದು 1708ರಲ್ಲಿ ಸಾಯುವವರೆಗೂ ಕೂತ.

ಬ್ಲೋನ ಸ್ಮಾರಕ ಅಬೆಯ ಉತ್ತರ ಬದಿಯ ಸಾಲಿನಲ್ಲಿದೆ, ಪರ್ಸೆಲ್‌ನ ಗೋರಿಗೆ ಹತ್ತಿರ. ಅವನು ಪರ್ಸೆಲ್‌ನ ಗುರುವಾಗಿದ್ದನೆಂಬುದನ್ನು ಅದರ ಬರಹ ಮರೆಯದೆ ಹೇಳುತ್ತದೆ. ಅವನ ಚರ್ಚ್ ಸಂಗೀತವೇ ಅವನಿಗೆ ಯಾರೂ ಕಟ್ಟಲಾಗದಂಥ ಸ್ಮಾರಕ ಎಂದೂ ಸೇರಿಸುತ್ತದೆ. ಆ ಮಾತಿಗೆ ಸಾಕ್ಷಿ ಎಂಬಂತೆ ಕೆಳಗೆ ಕಲ್ಲಿನಲ್ಲಿ ಕಡೆದ ತೆರೆದ ಪುಸ್ತಕ, ಅದರ ಮೇಲೆ ಸ್ವರಲಿಪಿ. ಅದು ನಾಲ್ಕು ದನಿಗಳ ಗ್ಲೋರಿಯಾ ಕ್ಯಾನನ್. ಹುಟ್ಟಿನಿಂದ ಅದು ಬೆಳಗಿನ ಪ್ರಾರ್ಥನೆಯ ಗೀತೆಯೊಂದರ ಬಾಲ, ಆದರೆ ಗ್ಲೋರಿಯಾದ ಸಾಹಿತ್ಯ ಬೆಳಗಿಗೂ ಸಂಜೆಗೂ ಒಂದೇ. ಈ ಕ್ಯಾನನ್ನಿನ ಪ್ರತಿ ರೋಮಿಗೂ ಹೋಗಿ ಸಂತ ಪೇತ್ರರ ಬೆಸಿಲಿಕಾದಲ್ಲಿ ಹಾಡಲ್ಪಟ್ಟಿತೆಂಬ ಕಥೆ 18ನೆಯ ಶತಮಾನದ ಇಂಗ್ಲಿಷ್ ಸಂಗೀತಗಾರರಲ್ಲಿ ಚಾಲ್ತಿಯಲ್ಲಿತ್ತು. ಪ್ರಾಟೆಸ್ಟೆಂಟ್ ಆರ್ಗನ್ ವಾದಕನೊಬ್ಬನಿಗೆ ಇದಕ್ಕಿಂತ ದೊಡ್ಡ ಬಿರುದು ಆ ಕಾಲದವರಿಗೆ ಹೊಳೆದಿರಲಾರದು.

ಜರ್ಮನ್ ಲೂಥರನ್ನರಲ್ಲಿ ಸಿಮೆಯೋನನ ಹಾಡು ಸಂಜೆಗಿಂತ ಹೆಚ್ಚಾಗಿ ಸಾವಿಗೆ ಅಂಟಿಕೊಂಡಿತು. ಮಾರ್ಟಿನ್ ಲೂಥರನೇ ಅದನ್ನು ಜರ್ಮನ್ ಸ್ತೋತ್ರವಾಗಿ ಬರೆದಿದ್ದ. ಲ್ಯೂಬೆಕ್‌ನ ಆರ್ಗನ್ ವಾದಕ ಡೀಟ್ರಿಖ್ ಬುಕ್ಸ್‌ಟೆಹೂಡ 1674ರಲ್ಲಿ ತನ್ನ ತಂದೆ ತೀರಿಕೊಂಡಾಗ ಆ ಸ್ತೋತ್ರದ ಮೇಲೆ ಕಟ್ಟಿದ ರಚನೆಯನ್ನು ಅಚ್ಚು ಹಾಕಿಸಿದ. ತಂದೆ ಯೊಹಾನ್ನೆಸ್ ಕೂಡ ಆರ್ಗನ್ ವಾದಕ. ಇದು ಪೂರ್ತಿ ಕ್ಯಾನನ್ ಅಲ್ಲ, ಕ್ಯಾನನ್ನಿನ ಒಡಹುಟ್ಟಿದ ವಿದ್ಯೆ. ನಾಲ್ಕು ದನಿಗಳಲ್ಲಿ ಒಂದು ಚರಣ ಬರೆದಿದ್ದಾನೆ. ಮುಂದಿನ ಚರಣದಲ್ಲಿ ಅವೇ ನಾಲ್ಕು ಪಂಕ್ತಿಗಳು ಜಾಗ ಬದಲಿಸುತ್ತವೆ, ಮೇಲಿದ್ದದ್ದು ತಳಕ್ಕೆ ಇಳಿಯುತ್ತದೆ, ತಳದ್ದು ಮೇಲಕ್ಕೇರುತ್ತದೆ. ಎರಡನೆಯ ಜೋಡಿಯಲ್ಲಿ ಪಂಕ್ತಿಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗುತ್ತವೆ. ಇಷ್ಟೆಲ್ಲ ಲೆಕ್ಕ ಮುಗಿಸಿ, ಕೊನೆಗೆ ಒಂದು ಶೋಕಗೀತೆಯನ್ನು ಸೇರಿಸಿದ್ದಾನೆ. ಅದರಲ್ಲಿ ಲೆಕ್ಕವಿಲ್ಲ, ಒಂದೇ ದನಿ ಅಳುತ್ತದೆ. ಅಪ್ಪನಿಗೆ ಅರ್ಪಿಸಲು ಮಗ ತನ್ನ ವಿದ್ಯೆಯಲ್ಲಿ ಅತಿ ಕಷ್ಟದ್ದನ್ನು ಆರಿಸಿಕೊಂಡದ್ದು, ಅದರ ಪಕ್ಕದಲ್ಲಿ ಅಳುವನ್ನೂ ಇಟ್ಟದ್ದು, ಎರಡೂ ಸಹಜವಾಗಿಯೇ ಇವೆ.

ಬಾಖ್‌ನ ಲ್ಯಾಟಿನ್ ಮ್ಯಾಗ್ನಿಫಿಕಾಟ್ 1723ರಲ್ಲಿ ಲೈಪ್‌ಜಿಗ್‌ನಲ್ಲಿ ಹುಟ್ಟಿತು. ಈಗ ಎಲ್ಲೆಡೆ ಹಾಡುವುದು 1733ರ ಸುಮಾರಿಗೆ ಡಿ ಮೇಜರ್‌ಗೆ ತಿದ್ದಿದ ರೂಪ. ಅದರ ಹತ್ತನೆಯ ಭಾಗದಲ್ಲಿ ಮೂರು ಎತ್ತರದ ದನಿಗಳು ಒಂದರ ಬೆನ್ನಿಗೊಂದು ಕ್ಯಾನನ್ನಿನಂತೆ ಎದ್ದು ಹೆಣೆದುಕೊಳ್ಳುತ್ತವೆ. ಅವುಗಳ ಮೇಲೆ ಓಬೋಗಳು ಮಾತಿಲ್ಲದೆ ಒಂದು ಪುರಾತನ ರಾಗವನ್ನು ಉದ್ದುದ್ದ ಸ್ವರಗಳಲ್ಲಿ ನುಡಿಸು‌ತ್ತವೆ. ಲೂಥರನ್ ಚರ್ಚುಗಳಲ್ಲಿ ಜನ ಮ್ಯಾಗ್ನಿಫಿಕಾಟನ್ನು ಹಾಡುತ್ತಿದ್ದದ್ದು ಅದೇ ರಾಗಕ್ಕೆ. ಗ್ಲೋರಿಯಾದ ಕೊನೆಯ ಸಾಲಿಗೆ ಬಾಖ್ ಕ್ಯಾನನ್ ಬರೆಯಲಿಲ್ಲ. ಆದಿಯಲ್ಲಿದ್ದಂತೆ ಎಂಬ ಮಾತು ಬಂದ ಕೂಡಲೇ ಇಡೀ ಕೃತಿಯ ಆರಂಭದ ಸಂಗೀತವನ್ನು, ತುತ್ತೂರಿ ನಗಾರಿಗಳ ಸಮೇತ, ಮರಳಿ ತಂದುಬಿಟ್ಟ. ಮೊರಾಲೆಸ್‌ನ ಕಾಲದಿಂದ ಕ್ಯಾನನ್ ಮಾಡುತ್ತಿದ್ದ ಕೆಲಸವನ್ನೇ ಅವನು ಚರ್ಚಿನ ಕೊನೆಯ ಬೆಂಚಿಗೂ ಕೇಳುವಂತೆ ಮಾಡಿದ.

19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ಯಾನನ್ ಪರೀಕ್ಷೆಯ ಕೊಠಡಿಗೆ ಸರಿಯಿತು. ಸಂಗೀತದ ಪದವಿಗೆ ಕೂತವನು ಅದನ್ನು ಬರೆಯಲೇಬೇಕಿತ್ತು, ಆದರೆ ಚರ್ಚಿನಲ್ಲಿ ಕೇಳುಗರಿಗೆ ಬೇಕಿದ್ದದ್ದು ಬೇರೆ. ಚಾರ್ಲ್ಸ್ ವಿಲಿಯರ್ಸ್ ಸ್ಟ್ಯಾನ್‌ಫರ್ಡ್ 1879ರ ಬಿ ಫ್ಲಾಟ್ ಸರ್ವಿಸ್‌ನಿಂದ ಶುರುಮಾಡಿ ಆರ್ಗನ್ನಿಗೆ ವಾದ್ಯವೃಂದದ ಪಾತ್ರ ಕೊಟ್ಟ. ಅವನ ಜಿ ಮೇಜರ್ ಮ್ಯಾಗ್ನಿಫಿಕಾಟ್‌ನಲ್ಲಿ ಒಬ್ಬ ಹುಡುಗ ಒಂಟಿಯಾಗಿ ಹಾಡುತ್ತಾನೆ, ಆರ್ಗನ್ ನೂಲುವ ರಾಟೆಯಂತೆ ಸುತ್ತುತ್ತದೆ. ಚಿತ್ರ ಬಿಡಿಸುವ ಇಂಥ ಸಂಗೀತದಲ್ಲಿ ಕ್ಯಾನನ್ನಿಗೆ ಹೆಚ್ಚು ಕೆಲಸವಿರಲಿಲ್ಲ. 1945ರಲ್ಲಿ ಹರ್ಬರ್ಟ್ ಹೋವೆಲ್ಸ್ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ ಬರೆದ ಜೋಡಿಯಲ್ಲೂ ಮುಖ್ಯವಾದದ್ದು ಆ ಕಟ್ಟಡದಲ್ಲಿ ನಾದ ತೇಲಾಡುವ ಬಗೆ. 20ನೆಯ ಶತಮಾನದ ಕೊನೆಯ ಭಾಗದಲ್ಲಿ ಹಳೆಯ ಕಟ್ಟಳೆಗಳ ಮೇಲೆ ಮತ್ತೆ ಮೋಹ ಹುಟ್ಟಿತು. ಜಾನ್ ಟ್ಯಾವೆನರ್ ಪಂಕ್ತಿಯನ್ನು ತಲೆಕೆಳಗಾಗಿಸಿ, ಹಿಂದುಮುಂದಾಗಿಸಿ ಹಾಡಿಸುವುದನ್ನು 1982ರ ‘ದಿ ಲ್ಯಾಂಬ್’ನಲ್ಲಿ ಮಾಡಿ ತೋರಿಸಿದ. ಎಸ್ಟೋನಿಯಾದ ಆರ್ವೊ ಪ್ಯಾರ್ಟ್ 1977ರಲ್ಲಿ ಬೆಂಜಮಿನ್ ಬ್ರಿಟನ್‌ನ ನೆನಪಿಗೆ ಬರೆದ ತಂತಿವಾದ್ಯಗಳ ಕೃತಿ ಒಂದೇ ಅವರೋಹಣವನ್ನು ಬೇರೆ ಬೇರೆ ವೇಗಗಳಲ್ಲಿ ಏಕಕಾಲಕ್ಕೆ ಇಳಿಸುವ ಕ್ಯಾನನ್. ಸಂಜೆಯ ಎರಡೂ ಗೀತೆಗಳನ್ನು ಪ್ಯಾರ್ಟ್ ಮುಂದೆ ಬರೆದ: 1989ರಲ್ಲಿ ಮ್ಯಾಗ್ನಿಫಿಕಾಟ್, 2001ರಲ್ಲಿ ಎಡಿನ್‌ಬರೋದ ಸೇಂಟ್ ಮೇರೀಸ್ ಕೆಥೆಡ್ರಲ್‌ಗಾಗಿ ನಂಕ್ ಡಿಮಿಟಿಸ್. ಅವು ಕ್ಯಾನನ್‌ಗಳಲ್ಲ, ಆದರೆ ಒಂದು ದನಿಯ ಸ್ವರ ಇನ್ನೊಂದನ್ನು ನಿಯಮದಿಂದ ಗೊತ್ತುಮಾಡುವ ಶಿಸ್ತು ಅಲ್ಲೂ ಇದೆ.

ಈ ಪದ್ಧತಿಯ ಒಂದು ಎಳೆ ಕರ್ನಾಟಕದಲ್ಲಿಯೂ ಇದೆ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ದಂಡುಪ್ರದೇಶದ ಆಂಗ್ಲಿಕನ್ ಚರ್ಚಾಗಿ ಹುಟ್ಟಿದ್ದು. ಇಂಗ್ಲಿಷ್ ಪ್ರಾರ್ಥನಾ ಪುಸ್ತಕದ ಸಂಜೆ ಆರಾಧನೆಯನ್ನು ಅಲ್ಲಿಗೆ ತಂದದ್ದು ಅದೇ ಪರಂಪರೆ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರು, ಮೆಥಡಿಸ್ಟರು ಮತ್ತಿತರರು ಕೂಡಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಅದೂ ಆ ಸಭೆಗೆ ಸೇರಿತು. ಕರಾವಳಿಯಲ್ಲಿ 1834ರಿಂದ ಬೇರೂರಿದ ಬಾಸೆಲ್ ಮಿಷನ್ನು ಕನ್ನಡ ಸ್ತೋತ್ರಗಳನ್ನು ಜರ್ಮನ್ ರಾಗಗಳಿಗೆ ಹಾಡುವುದನ್ನು ಕಲಿಸಿತು. ಅಲ್ಲಿ ನೆಲೆಯೂರಿದ್ದು ಸಭೆಯೆಲ್ಲ ಒಟ್ಟಾಗಿ ಹಾಡುವ ಪದ್ಧತಿ, ಕ್ಯಾನನ್ ಅಲ್ಲ.

ಕ್ಯಾನನ್ನನ್ನು ಹಾಡಿಸುವವರ ಕಷ್ಟ ಬೇರೆಯದೇ. ಇಂಗ್ಲಿಷ್ ಕೆಥೆಡ್ರಲ್‌ಗಳಲ್ಲಿ ಗಾಯನವೃಂದ ಎರಡು ಪಾಲಾಗಿ ಎದುರುಬದುರು ಕೂರುತ್ತದೆ. ಕೆಥೆಡ್ರಲ್ ಮುಖ್ಯಸ್ಥನಾದ ಡೀನ್ ಕೂರುವ ಕಡೆಯ ಪಾಲಿಗೆ ಡೆಕನೈ, ಇನ್ನೊಂದಕ್ಕೆ ಕ್ಯಾಂಟೋರಿಸ್ ಎಂದು ಹೆಸರು. ಮುಂದಾಳು ದನಿ ಒಂದು ಕಡೆ, ಹಿಂಬಾಲಕ ಇನ್ನೊಂದು ಕಡೆ ಇದ್ದರೆ ಬೆನ್ನಟ್ಟುವಿಕೆ ಕಿವಿಗೆ ನಿಚ್ಚಳವಾಗುತ್ತದೆ. ಅದರ ಜೊತೆಗೇ ನಡುವಿನ ಅಂತರ, ಕಲ್ಲುಗೋಡೆಗಳ ಮಾರ್ದನಿ ಎರಡೂ ತಾಳ ತಪ್ಪಿಸಲು ಕಾದಿರುತ್ತವೆ. ಎರಡನೆಯ ದನಿಯವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಎದುರಿನವರನ್ನು ಕೇಳಬೇಡಿ, ಹಾಡಿಸುವವರ ಕೈ ನೋಡಿ ಎಂಬುದು. ಎರಡೂ ದನಿಗಳು ಒಂದೇ ಗಾತ್ರದಲ್ಲಿರಬೇಕು. ಟ್ರೆಬಲ್ ಹುಡುಗರ ತೀಕ್ಷ್ಣ ದನಿಯ ಕೆಳಗೆ ಟೆನರ್ ಮುಳುಗಿದರೆ ಕ್ಯಾನನ್ ಕಾಗದದ ಮೇಲಷ್ಟೇ ಉಳಿಯುತ್ತದೆ. ಪದಗಳನ್ನು ಒತ್ತುವ ಜಾಗವನ್ನು ಮುಂದಾಳು ಹೇಗೆ ಹಾಡಿದನೋ ಹಿಂಬಾಲಕ ಹಾಗೆಯೇ ಹಾಡಬೇಕು, ಇಲ್ಲದಿದ್ದರೆ ಕೇಳುಗನಿಗೆ ಗುರುತೇ ಸಿಗುವುದಿಲ್ಲ. ಮನೆಯಲ್ಲೇ ಕೂತು ಕೇಳಬಯಸುವವರಿಗೆ ಬಿಬಿಸಿಯ ‘ಕೋರಲ್ ಈವನ್‌ಸಾಂಗ್’ ಸುಲಭದ ದಾರಿ. ಅದರ ಮೊದಲ ಪ್ರಸಾರ ಆದದ್ದು 1926ರ ಅಕ್ಟೋಬರ್ 7ರಂದು, ಬ್ಲೋ ಮತ್ತು ಪರ್ಸೆಲ್ ಇಬ್ಬರೂ ಆರ್ಗನ್ ನುಡಿಸಿದ ವೆಸ್ಟ್‌ಮಿನ್‌ಸ್ಟರ್ ಅಬೆಯಿಂದ. ಈಗ ಅದು ಬಿಬಿಸಿ ರೇಡಿಯೋ 3ರಲ್ಲಿ ವಾರವಾರ ಬರುತ್ತದೆ. ಯಾವ ಕೆಥೆಡ್ರಲ್, ಯಾವ ರಚನಕಾರನ ಸರ್ವಿಸ್ ಎಂಬುದನ್ನು ಮೊದಲೇ ತಿಳಿಸುತ್ತಾರೆ.